ಟಾಪು ಯಾಕೆ ತೆಗೆಯಬೇಕು?

ಜನವರಿ ೯

ಅಕ್ಕಾ,

ಹೋದ ದೋಣಿಗೆ ಕಾಗದ ಹಾಕಲಾಗಲಿಲ್ಲ, ಬೈಯಬೇಡ. ಅಂಗಡಿಯಲ್ಲಿ ಕೆಲಸ ಜಾಸ್ತಿ. ಊರಿನವರಿಗೆಲ್ಲ ಒಟ್ಟಿಗೇ ಕಣ್ಣು ಮಂಜಾದ ಹಾಗಿದೆ. ಬೆಳಗಿನಿಂದ ಸಂಜೆಯವರೆಗೆ ಕನ್ನಡಕದ ಗಾಜು ಉಜ್ಜುವುದೇ ಆಯಿತು.

ನಿನ್ನ ಕಾರು ಚೆನ್ನಾಗಿದೆ. ನೀನು ಹೇಳಿಹೋದಂತೆ ಪ್ರತಿ ಭಾನುವಾರ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಆಫ್ ಮಾಡಿ ಹೊದಿಕೆ ಹೊದಿಸುತ್ತೇನೆ. ಒಂದು ಸಣ್ಣ ವಿಷಯ. ಅದರ ಮಡಚುವ ಟಾಪು ತೆರೆಯುತ್ತಿಲ್ಲ. ಗೇರಿನ ಪಕ್ಕದ ಗುಂಡಿ ಒತ್ತಿದರೆ ಕೆಂಪು ದೀಪವೊಂದು ಮಿಣುಕುತ್ತದೆ, ಅಷ್ಟೇ. ಸದ್ದೂ ಇಲ್ಲ, ಉಸಿರೂ ಇಲ್ಲ. ಹೇಗೆ ತೆರೆಯುವುದು ಎಂದು ಬರೆ. ಅವಸರವೇನಿಲ್ಲ. ಆದರೂ ಇದೇ ದೋಣಿ ವಾಪಸು ಬರುವಾಗ ಉತ್ತರ ಬಂದರೆ ಒಳ್ಳೆಯದು.

ಬಟ್ಟೆಯ ಟಾಪಲ್ಲವೇ, ಮುಗ್ಗಲು ಹಿಡಿದೀತು. ಗಾಳಿಯಾಡಲಿ ಎಂದು ಕೇಳಿದೆ, ಬೇರೇನಿಲ್ಲ.

ಅಮ್ಮ ಆರಾಮಾಗಿದ್ದಾಳೆ.

ತಮ್ಮ


ಜನವರಿ ೨೦

ತಮ್ಮಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಎರಡು ಸಲವೂ ಅರ್ಥವಾಗಿದ್ದು ಒಂದೇ: ನೀನು ಏನನ್ನೋ ಮುಚ್ಚಿಡುತ್ತಿದ್ದೀಯ.

ನಾನು ಹೇಳಿದ್ದು ಎಂಜಿನ್ ಓಡಿಸು ಎಂದು. ಟಾಪು ಯಾಕೆ ತೆಗೆಯಬೇಕು? ಮೈ ಕೊರೆಯುವ ಚಳಿಯಲ್ಲಿ ಯಾವ ಬುದ್ಧಿವಂತ ಕಾರಿಗೆ ಗಾಳಿ ಹಾಕಿಸುತ್ತಾನೆ? ಯಾರಿಗೋ ತೋರಿಸಬೇಕಾಗಿದೆ ಅನಿಸುತ್ತದೆ. ಇಂಥ ಕಾರು ಕೊಳ್ಳಲು ಬಂದವರು ಮೊದಲು ಕೇಳುವುದೇ ಅದನ್ನು. ನಾನೂ ಕೊಳ್ಳುವಾಗ ಅದನ್ನೇ ಕೇಳಿದ್ದೆ. ಮಾರುವ ಯೋಚನೆ ಏನಾದರೂ ಇದ್ದರೆ ಈಗಲೇ ಬಿಟ್ಟುಬಿಡು. ಆ ಕಾರೊಂದೇ ನಾನು ಯಾರನ್ನೂ ಕೇಳದೆ ಮನೆಗೆ ತಂದದ್ದು.

ಬರೀ ಕೀಲಿ ತಿರುಗಿಸಿ ಗುಂಡಿ ಒತ್ತಿದರೆ ಬ್ಯಾಟರಿಯ ಬಲ ಸಾಲುವುದಿಲ್ಲ. ಎಂಜಿನ್ ಓಡುತ್ತಿರಬೇಕು. ಕೈಬ್ರೇಕು ಎಳೆದಿರಬೇಕು, ಕಾಲು ಬ್ರೇಕಿನ ಮೇಲಿರಬೇಕು, ಮುಂದಿನ ಗಾಜಿನ ಮೇಲಿರುವ ಎರಡು ಕೊಂಡಿ ಬಿಚ್ಚಿರಬೇಕು. ಬಾಗಿಲ ಗಂಟೆ ಒತ್ತಿದ ಹಾಗೆ ಒತ್ತಿ ಬಿಡಬೇಡ, ಒತ್ತಿ ಹಿಡಿದೇ ಇರು. ಮೊದಲು ಕಿಟಕಿ ಗಾಜುಗಳು ಇಳಿಯುತ್ತವೆ, ಆಮೇಲೆ ಪಂಪು ಗುಂಯ್ ಎನ್ನುತ್ತದೆ, ಟಾಪು ಎದ್ದು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಡಿಕ್ಕಿಯ ತಂಟೆಗೆ ಮಾತ್ರ ಹೋಗಬೇಡ. ಅಲ್ಲಿ ಏನೂ ಇಲ್ಲ.

ಇಲ್ಲಿ ಎಲ್ಲ ಎಂದಿನಂತೆ. ಈ ದ್ವೀಪದಲ್ಲಿ ಗಾಳಿಗೆ ಬೇರೆ ಕೆಲಸವಿಲ್ಲ, ನನಗೆ ಎರಡು ಜನರೇಟರು ಬಿಟ್ಟರೆ ಬೇರೆ ಕೆಲಸವಿಲ್ಲ. ಫೋನಂತೂ ಇಲ್ಲವೇ ಇಲ್ಲ. ಇಲ್ಲಿಯ ಹವಾಮಾನ ಕೇಂದ್ರದ ರೇಡಿಯೋ ಇರುವುದು ವರದಿ ಕಳಿಸಲಿಕ್ಕೆ, ಬಿಟ್ಟರೆ ಮನೆಯವರ ಸಾವು-ನೋವಿನ ಸುದ್ದಿಗೆ.

ಅಮ್ಮ ಪ್ರತಿ ಕಾಗದದ ಕೆಳಗೆ ಎರಡು ಸಾಲು ಗೀಚುತ್ತಿದ್ದಳು, ನನ್ನನ್ನು ಬೈಯಲಿಕ್ಕಾದರೂ. ಈ ಸಲ ಯಾಕಿಲ್ಲ? ನೀನು ಬರೆದ 'ಅಮ್ಮ ಆರಾಮಾಗಿದ್ದಾಳೆ' ಓದಿದರೆ ಪೊಲೀಸರ ಮುಂದೆ ಹೇಳಿಕೆ ಕೊಟ್ಟ ಹಾಗಿದೆ.

ಅಕ್ಕ


ಫೆಬ್ರವರಿ ೩

ಅಕ್ಕಾ,

ನಿನ್ನ ಹಳೇ ಕಾರು ಮಾರಿ ನಾನು ಯಾವ ಅರಮನೆ ಕಟ್ಟಲಿ? ಅನುಮಾನಕ್ಕೂ ಒಂದು ಮಿತಿ ಇರಬೇಕು.

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಎಂಜಿನ್ ಓಡುತ್ತಿತ್ತು, ಬೆರಳು ಬಿಳಿಚಿಕೊಳ್ಳುವಷ್ಟು ಹೊತ್ತು ಗುಂಡಿ ಒತ್ತಿ ಹಿಡಿದಿದ್ದೆ. ಕಿಟಕಿ ಗಾಜುಗಳು ಇಳಿದವು. ಆಮೇಲೆ ಮತ್ತದೇ ಕೆಂಪು ದೀಪ. ಪಂಪಿನ ಸದ್ದೇ ಇಲ್ಲ. ತಿರುವಿನ ಗ್ಯಾರೇಜಿನ ಗಡ್ಡದವನನ್ನು ಕರೆತಂದೆ. ಅವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಪಂಪು ಹೋಗಿದೆ" ಅಂದ.

"ಹೇಗೆ ಗೊತ್ತಾಯ್ತು?"

"ಸದ್ದಿಲ್ವಲ್ಲ."

"ಸದ್ದಿಲ್ಲ ಅಂದ್ರೆ ಹೋಗಿದೆ ಅಂತಲೇ ಅರ್ಥಾನಾ?"

"ಮನುಷ್ಯರಿಗೂ ಅಷ್ಟೇ ಅಲ್ವಾ ಸಾರ್!" ಅಂತ ಹಲ್ಲು ಕಿರಿದ. ನನಗೆ ನಗು ಬರಲಿಲ್ಲ.

ಪಂಪು ಇರುವುದು ಡಿಕ್ಕಿಯ ಒಳಮಗ್ಗುಲಲ್ಲಂತೆ. ನೋಡೋಣವೆಂದರೆ ಡಿಕ್ಕಿಗೆ ಬೀಗ. ನೀನು ಕೊಟ್ಟ ಗೊಂಚಲಿನಲ್ಲಿ ಅದರ ಕೀಲಿ ಇಲ್ಲ. ಏನೂ ಇಲ್ಲದ ಡಿಕ್ಕಿಗೆ ಬೀಗ ಯಾಕೆ ಅಕ್ಕಾ?

ಇನ್ನೊಂದು. ಎಡಗಡೆ ಸೀಟನ್ನು ಎತ್ತರಿಸಲು ಏನಾದರೂ ದಾರಿ ಇದೆಯೇ? ದಿಂಬಿಟ್ಟು ನೋಡಿದೆ. ಟಾಪು ಮುಚ್ಚಿದ್ದರೆ ತಲೆ ತಾಗುತ್ತದೆ.

ಅಮ್ಮನ ಕನ್ನಡಕ ಮುರಿದಿದೆ, ಅದಕ್ಕೇ ಬರೆಯಲಿಲ್ಲ.

ತಮ್ಮ


ಫೆಬ್ರವರಿ ೧೪

ತಮ್ಮಾ,

ಕನ್ನಡಕದ ಅಂಗಡಿ ಇಟ್ಟವನ ಅಮ್ಮನಿಗೆ ಹಾಕಿಕೊಳ್ಳಲು ಕನ್ನಡಕವಿಲ್ಲ! ಇದನ್ನು ಬರೆಯುವಾಗ ನಿನ್ನ ಕೈ ನಡುಗಲಿಲ್ಲವೇ? ಚಿಕ್ಕಂದಿನಿಂದಲೂ ಅಷ್ಟೇ, ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳದಿರಲೂ ಬರುವುದಿಲ್ಲ.

ತಲೆ ತಾಗುತ್ತದೆ ಅಂದೆಯಲ್ಲ, ಯಾರ ತಲೆ? ಅದು ಚಾಲಕನ ಸೀಟಲ್ಲ, ಪಕ್ಕದ ಸೀಟು. ಅಲ್ಲಿ ಕೂರುವವರಿಗೆ ದಿಂಬು ಬೇಕು, ಟಾಪು ತೆರೆದಿರಬೇಕು, ಸುದ್ದಿ ನನಗೆ ತಿಳಿಯಬಾರದು. ಹೆಂಗಸಲ್ಲದೆ ಇನ್ಯಾರು? ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ, ನೇರವಾಗಿ ಬರೆ. ಆದರೆ ನನ್ನ ಕಾರಲ್ಲಿ ಮೆರೆಸುವಷ್ಟು ದೊಡ್ಡ ಮನುಷ್ಯಳು ಯಾರು? ಅಮ್ಮನಿಗೆ ಗೊತ್ತಾಗಿದೆಯೇ? ಅದಕ್ಕೇ ಅವಳು ಮಾತು ಬಿಟ್ಟಿದ್ದಾಳೆಯೇ? ನನ್ನ ಗಂಡನನ್ನು ಬಿಟ್ಟು ಬಂದಾಗ ನನ್ನ ಜೊತೆಗೂ ಹೀಗೇ ಮಾತು ಬಿಟ್ಟಿದ್ದಳು. ನಿನ್ನನ್ನೂ ಬಿಡುವವಳಲ್ಲ.

ಗಡ್ಡದವನ ಮಾತು ಕೇಳಬೇಡ. ಗಾಜುಗಳು ಇಳಿದವು ಎಂದರೆ ಕಾರು ನಿನ್ನ ಮಾತನ್ನು ಅರ್ಧ ಕೇಳಿದೆ ಎಂದರ್ಥ. ಪಂಪು ಕೆಟ್ಟಿದ್ದರೂ ಒಂದು ಟಕ್ ಅನ್ನುವ ಸದ್ದಾದರೂ ಬರುತ್ತಿತ್ತು. ಏನೂ ಇಲ್ಲವೆಂದರೆ ಪಂಪಿಗೆ ಅಪ್ಪಣೆಯೇ ಹೋಗುತ್ತಿಲ್ಲ. ಎಲ್ಲೋ ಏನೋ ಸರಿಯಿಲ್ಲವೆಂದು ಕಾರಿಗೂ ಅನುಮಾನ. ಸ್ಟೇರಿಂಗಿನ ಕೆಳಗೆ ಫ್ಯೂಸಿನ ಪೆಟ್ಟಿಗೆ ಇದೆ. ಟಾಪಿನ ಚಿತ್ರವಿರುವ ಫ್ಯೂಸು ಕಿತ್ತು, ಒಳಗಿನ ತಂತಿ ಸುಟ್ಟಿದೆಯೇ ನೋಡು.

ಡಿಕ್ಕಿಯ ಕೀಲಿ ನನ್ನ ಬ್ಯಾಗಿನಲ್ಲೇ ಉಳಿದುಹೋಗಿದೆ, ಮರೆವು. ಮತ್ತೆ, ನನ್ನ ಮನೆಯ ಕಡೆ ನೀನು ಹೋಗಬೇಕಾಗಿಲ್ಲ. ಗೆಳತಿ ನೋಡಿಕೊಳ್ಳುತ್ತಿದ್ದಾಳೆ.

ಅಕ್ಕ


ಫೆಬ್ರವರಿ ೨೭

ಅಕ್ಕಾ,

ಸರಿ, ನಿನ್ನಿಂದ ಮುಚ್ಚಿಟ್ಟು ಸಾಕಾಯಿತು. ಹೌದು, ಒಬ್ಬ ಹೆಂಗಸು. ಬಹಳ ಬಿಗಿ ಸ್ವಭಾವ. ಯಾರಿಗೂ ಬಗ್ಗುವವರಲ್ಲ. ನಿನ್ನ ಕಾರಲ್ಲೇ ಹೋಗಬೇಕು, ಟಾಪು ತೆರೆದೇ ಹೋಗಬೇಕು ಎಂದು ಪಟ್ಟು ಹಿಡಿದಿದ್ದಾರೆ. ಇದಕ್ಕಿಂತ ಹೆಚ್ಚು ಈಗ ಕೇಳಬೇಡ.

ಫ್ಯೂಸು ಸರಿಯಾಗಿದೆ. ಗಾಜು ಉಜ್ಜುವ ಮೇಜಿನ ದೀಪದ ಕೆಳಗಿಟ್ಟು ನೋಡಿದೆ, ತಂತಿ ಕೂದಲಿನಷ್ಟೂ ಮುರಿದಿಲ್ಲ.

ಗಡ್ಡದವನು ನಿನ್ನೆ ತಾನಾಗಿಯೇ ಅಂಗಡಿಗೆ ಬಂದ. "ಸಾರ್, ಪಂಪು ಅಂದಿದ್ದು ವಾಪಸು ತಗೊಂಡೆ. ಅಂಥ ಕಾರಲ್ಲಿ ಟಾಪು ಮಡಚಿ ಕೂರೋದು ಡಿಕ್ಕಿ ಒಳಗೆ. ಅಲ್ಲೊಂದು ಅಡ್ಡಪರದೆ ಇರುತ್ತೆ. ಅದನ್ನ ಕೆಳಗೆ ಎಳೆದು ಸಿಕ್ಕಿಸಿದ್ರೇನೇ ಟಾಪಿಗೆ ಜಾಗ. ಸಾಮಾನು ತುಂಬಿ ಪರದೆ ಮೇಲಕ್ಕೆ ಎದ್ದಿದ್ರೆ, ನೀವು ತಲೆ ಕೆಳಗಾಗಿ ನಿಂತ್ರೂ ಟಾಪು ಏಳಲ್ಲ" ಅಂದ.

ನೀನು ಜನರೇಟರ್ ಬಿಚ್ಚಿ ಜೋಡಿಸುವವಳು. ಎರಡು ಕಾಗದದಲ್ಲಿ ಬ್ಯಾಟರಿ, ಬ್ರೇಕು, ಕೊಂಡಿ, ಫ್ಯೂಸು ಎಲ್ಲವೂ ಬಂತು. ಈ ಪರದೆಯ ವಿಷಯ ಒಂದು ಸಲವೂ ಬರಲಿಲ್ಲ. ನಿನಗೆ ಗೊತ್ತಿರಲಿಲ್ಲ ಎಂದು ನಾನು ನಂಬಬೇಕೇ? ಡಿಕ್ಕಿಯಲ್ಲಿ ಏನಿದೆ?

ಇವತ್ತು ಬೆಳಿಗ್ಗೆ ನಿನ್ನ ಮನೆಯ ಮುಂದೆ ಹಾದುಹೋದೆ. ಹಗ್ಗದ ಮೇಲೆ ಯಾರದೋ ಮನೆಮಂದಿಯ ಬಟ್ಟೆ ಒಣಗುತ್ತಿತ್ತು. ಗಂಡಸಿನ ಪ್ಯಾಂಟು, ಕೂಸಿನ ಟೋಪಿ. ಬಾಗಿಲ ಮೇಲೆ ನಿನ್ನ ಹೆಸರಿನ ಫಲಕ ಇರಲಿಲ್ಲ. ನಿನ್ನ ಗೆಳತಿಗೆ ಮದುವೆಯಾಗಿದ್ದು ಯಾವಾಗ?

ತಮ್ಮ


ಮಾರ್ಚ್ ೯

ತಮ್ಮಾ,

ಮನೆ ಗೆಳತಿಯ ನೆಂಟರಿಗೆ ಕೊಟ್ಟಿದ್ದೇನೆ. ಖಾಲಿ ಬಿದ್ದಿರುವುದಕ್ಕಿಂತ ಅದೇ ವಾಸಿ. ಇಷ್ಟಕ್ಕೆ ಇಷ್ಟೊಂದು ಪತ್ತೇದಾರಿಕೆ ಬೇಡ.

ಡಿಕ್ಕಿಯ ಬೀಗ ಮುರಿದೆಯೋ, ನೋಡು. ಆ ನಿನ್ನ ಬಗ್ಗದ ಮಹಾತಾಯಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗು.

ಮುಂದಿನ ದೋಣಿಯಲ್ಲಿ ಅಮ್ಮನ ಕೈಬರಹ ಬರದಿದ್ದರೆ ನಿನ್ನ ಕಾಗದವನ್ನು ನಾನು ಒಡೆಯುವುದಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟನ್ನೇ ಬರೆಯಲಿ.

ಅಕ್ಕ


ಮಾರ್ಚ್ ೨೧

ಅಕ್ಕಾ,

ಒಡೆದಿದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ.

ಡಿಕ್ಕಿ ತೆರೆಸಿದೆ. ಬೀಗ ಮುರಿಯಲಿಲ್ಲ. ಗಡ್ಡದವನು ಹಿಂದಿನ ಸೀಟಿನ ಬೆನ್ನು ಬಿಚ್ಚಿ, ಸಂದಿಯಿಂದ ಭುಜದವರೆಗೂ ಕೈ ತೂರಿಸಿ ಒಳಗಿನ ಕೊಂಡಿ ಎಳೆದ. ಮುಚ್ಚಳ ಮೇಲಕ್ಕೆ ಹಾರಿದಾಗ ಅವನು ಶಿಳ್ಳೆ ಹಾಕಿ, "ಸಾರ್, ಇದು ಡಿಕ್ಕಿಯಲ್ಲ, ಮನೆ!" ಅಂದ.

ಮನೆಯೇ ಅಕ್ಕಾ. ಸುತ್ತಿ ಕಟ್ಟಿದ ಹಾಸಿಗೆ ಪರದೆಯನ್ನು ಮೇಲಕ್ಕೆ ಒದ್ದು ನಿಂತಿತ್ತು. ಅದರ ಕೆಳಗೆ ಪತ್ರಿಕೆಯಲ್ಲಿ ಸುತ್ತಿದ ಪಾತ್ರೆಗಳು, ಇಸ್ತ್ರಿಪೆಟ್ಟಿಗೆ, ಕಿಟಕಿಯ ಪರದೆಗಳು, ಕಾಲೊರೆಸುವ ಚಾಪೆ, ಓದುವ ದೀಪ. ಬಾಗಿಲಿನ ಫಲಕ ಟವೆಲಿನೊಳಗೆ ಇತ್ತು. ಒಂದು ವರ್ಷಕ್ಕೆ ವಾಪಸು ಬರುತ್ತೇನೆಂದು ಹೋದವರು ಕಾಲೊರೆಸುವ ಚಾಪೆಯನ್ನು ಕಟ್ಟಿಡುವುದಿಲ್ಲ. ನೀನು ಮನೆ ಬಿಟ್ಟೇ ಹೋಗಿದ್ದೀಯ. ನಮಗೆ ಹೇಳದೆ ಹೋಗಿದ್ದೀಯ. ಅಂಗಳದಲ್ಲಿ ಆ ಚಾಪೆ ಹಿಡಿದುಕೊಂಡು ನಿಂತಾಗ ನನಗೆ ಎಷ್ಟು ಸಿಟ್ಟು ಬಂತೆಂದರೆ, ಗಡ್ಡದವನು ಮಾತು ನಿಲ್ಲಿಸಿ ಬೀಡಿ ಹಚ್ಚಲು ಗೇಟಿನ ಆಚೆ ಹೋದ.

ಆಮೇಲೆ ಯೋಚಿಸಿದೆ. ಬೈಯಲು ನನಗೆ ಯಾವ ಮುಖ ಇದೆ? ಈಗ ನನ್ನ ಸರದಿ. ಕೂತುಕೊಂಡು ಓದು.

ಆ ಬಗ್ಗದ ಹೆಂಗಸು ಅಮ್ಮ. ಡಿಸೆಂಬರಿನಲ್ಲಿ ಮೆಟ್ಟಿಲಿನಿಂದ ಬಿದ್ದಳು. ಸೊಂಟದ ಕೀಲು ಮುರಿಯಿತು. ಆಪರೇಷನ್ ಮಾಡಿ ಕೀಲು ಬದಲಾಯಿಸಿದರು. ಜೀವಕ್ಕೆ ಅಪಾಯವಿಲ್ಲ, ಆಗಲೂ ಇರಲಿಲ್ಲ. ಆಂಬುಲೆನ್ಸಿನಲ್ಲಿ ಮಲಗಿಕೊಂಡೇ ನನ್ನ ಕೈ ಹಿಡಿದು, "ಅವಳಿಗೆ ಹೇಳಿದ್ರೆ ನೋಡು. ಓಡಿ ಬರ್ತಾಳೆ. ಬಂದು ನನ್ನ ಮುಖ ನೋಡ್ಕೊಂಡು ಕೂರ್ತಾಳೆ. ಇದ್ದ ಕೆಲಸ ಹೋಗುತ್ತೆ, ಅದನ್ನೂ ನನ್ನ ತಲೆಗೇ ಕಟ್ತಾಳೆ" ಅಂದಳು. ಮಾತು ಕೊಟ್ಟೆ. ಆ ಸ್ಥಿತಿಯಲ್ಲಿ ಏನು ಕೇಳಿದ್ದರೂ ಕೊಡುತ್ತಿದ್ದೆ.

ಮನೆಗೆ ಬಂದ ಮೇಲೆ ಅವಳು ಏಳಲೇ ಇಲ್ಲ. ಕೆಳಗಿನ ಕೋಣೆಯಲ್ಲಿ ಮಂಚ ಹಾಕಿದ್ದೇನೆ. ವ್ಯಾಯಾಮ ಮಾಡಿಸುವ ನರ್ಸಮ್ಮ ದಿನಾ ಬರುತ್ತಾರೆ. ಅಮ್ಮ ಗೋಡೆಗೆ ಮುಖ ತಿರುಗಿಸಿ ಮಲಗುತ್ತಾಳೆ. "ನಡೆದು ನಾನು ಎಲ್ಲಿಗೆ ಹೋಗ್ಬೇಕು?" ಅನ್ನುತ್ತಾಳೆ. ಪೆನ್ನು ಕೊಟ್ಟರೆ ಕೈಗೆ ತೆಗೆದುಕೊಳ್ಳುವುದಿಲ್ಲ. ನಿನ್ನ ಕಾಗದಗಳನ್ನು ಓದಿ ಹೇಳುತ್ತೇನೆ, ನೀನು ಕಾರಿಗಾಗಿ ಬೈದಿದ್ದನ್ನೂ ಮನೆಯ ವಿಷಯವನ್ನೂ ಬಿಟ್ಟು.

ಜನವರಿಯಲ್ಲಿ ಒಂದು ದಿನ ನರ್ಸಮ್ಮ ಸುಮ್ಮನೆ, "ಎಲ್ಲಿಗಾದ್ರೂ ಹೋಗೋ ಆಸೆ ಇದೆಯಾ ಅಮ್ಮ?" ಎಂದು ಕೇಳಿದರು. ಅಮ್ಮ ಗೋಡೆಯನ್ನೇ ನೋಡುತ್ತ, "ಮಗಳ ಮನೆಗೆ" ಅಂದಳು. ಆ ಮನೆಗೆ ಅವಳು ಒಮ್ಮೆಯೂ ಕಾಲಿಟ್ಟವಳಲ್ಲ, ನಿನಗೇ ಗೊತ್ತು.

"ಅಕ್ಕ ಅಲ್ಲಿಲ್ವಲ್ಲಮ್ಮ" ಅಂದೆ.

"ಇಲ್ಲದಿದ್ರೇನು? ಅವಳು ಒಂದು ವರ್ಷಕ್ಕೆ ಅಂತ ಹೋಗಿದ್ದಾಳೋ, ಪೂರ್ತಿ ಹೋಗಿದ್ದಾಳೋ ನಾನೇ ಕಣ್ಣಾರೆ ನೋಡ್ತೀನಿ. ನನಗೆ ಆ ಹುಡುಗಿ ಮೇಲೆ ಅನುಮಾನ ಇದೆ."

ನೋಡು, ಅನುಮಾನ ನಿನಗೆ ಯಾರ ಬಳುವಳಿ ಅಂತ.

ಡಾಕ್ಟರು ತಗ್ಗಿನ ಸೀಟಿನಲ್ಲಿ ಕೂರಿಸಬೇಡಿ, ಸೊಂಟ ಹೆಚ್ಚು ಮಡಚಬಾರದು ಎಂದಿದ್ದಾರೆ. ದಿಂಬುಗಳನ್ನು ಪೇರಿಸಿ ಎತ್ತರ ಮಾಡಿದರೆ ಯಾವ ಕಾರಿನಲ್ಲೂ ತಲೆ ಮಾಡಿಗೆ ತಾಗುತ್ತದೆ. ಅದನ್ನು ಹೇಳಿದ್ದಕ್ಕೆ ಅಮ್ಮನೇ, "ಅವಳದ್ದೊಂದು ತಲೆಯಿಲ್ಲದ ಕಾರು ಇದೆಯಲ್ಲ" ಅಂದಳು. ಟಾಪಿನ ಕಥೆ ಇಷ್ಟು. ಮೂರು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಈಗ ನಿನ್ನ ಸಾಮಾನು ಮೇಲಿನ ಕೋಣೆಯಲ್ಲಿದೆ. ಪರದೆ ಎಳೆದು ಸಿಕ್ಕಿಸಿ ಗುಂಡಿ ಒತ್ತಿದೆ. ಟಾಪು ಎದ್ದು, ಮಡಚಿ, ಒಳಗೆ ಹೋಗಿ ಕೂತಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಕಾರು ತೆರೆದಿದೆ, ಹೋಗುವ ಮನೆ ಮಾತ್ರ ಇಲ್ಲ. ಅಮ್ಮನಿಗೆ ಏನು ಹೇಳಲಿ? ನೀನೇ ಬರೆ.

ತಮ್ಮ


ಏಪ್ರಿಲ್ ೧

ತಮ್ಮಾ,

ರೇಡಿಯೋದಲ್ಲಿ ಒಂದು ಮಾತು ಹೇಳಿಸಿದ್ದರೆ ಸಾಕಿತ್ತು. ಒಂದೇ ಮಾತು. ಅಮ್ಮ ಆಪರೇಷನ್ ಮೇಜಿನ ಮೇಲಿದ್ದಾಗ ನಾನಿಲ್ಲಿ ಜನರೇಟರಿನ ಬೆಲ್ಟು ಬದಲಾಯಿಸುತ್ತ ಹಾಡು ಗುನುಗುತ್ತಿದ್ದೆನೇನೋ. ಇದನ್ನು ನಾನು ಹೇಗೆ ನುಂಗಲಿ? ಮಾತು ಕೊಟ್ಟೆ ಅನ್ನುತ್ತೀಯ. ಕೊಟ್ಟ ಮಾತಿಗೆ ತಪ್ಪಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಸರಿ, ನೀನು ಹೇಳಿದೆ, ನಾನೂ ಹೇಳುತ್ತೇನೆ. ಇಲ್ಲಿಯ ಕೆಲಸ ನನಗೆ ಖಾಯಂ ಆಗಿದೆ. ಹೊರಡುವ ಮೊದಲೇ ಗೊತ್ತಿತ್ತು. ಅಮ್ಮ ದಿನಾ ಒಂದೇ ಪಲ್ಲವಿ ಹಾಡುತ್ತಿದ್ದಳಲ್ಲ, 'ಒಬ್ಬಳೇ ಇರೋದೂ ಒಂದು ಬದುಕಾ, ವಾಪಸು ಹೋಗು, ಆ ಮನುಷ್ಯನ ಕೈಕಾಲು ಹಿಡಿದಾದರೂ ಸರಿಮಾಡಿಕೋ' ಎಂದು. ಖಾಯಂ ಅಂದಿದ್ದರೆ ಅವಳು ಇನ್ನೊಮ್ಮೆ ಅದನ್ನು ಮೊದಲಿನಿಂದ ಹಾಡುತ್ತಿದ್ದಳು. ಕೇಳುವ ಶಕ್ತಿ ಇರಲಿಲ್ಲ. ಒಂದು ವರ್ಷ ಎಂದೆ. ಬಾಡಿಗೆ ಮನೆ ಬಿಟ್ಟುಕೊಟ್ಟು, ಸಾಮಾನು ಡಿಕ್ಕಿಗೆ ತುಂಬಿ ಬೀಗ ಹಾಕಿದೆ.

ಅವಳನ್ನು ಆ ಮನೆಗೆ ಕರೆದುಕೊಂಡು ಹೋಗಬೇಡ. ರಸ್ತೆ ಅಗೆದಿದ್ದಾರೆ ಅನ್ನು, ಟಾಪು ಮತ್ತೆ ಕೆಟ್ಟಿದೆ ಅನ್ನು, ಏನಾದರೂ ಅನ್ನು. ಈಗಷ್ಟೇ ಎದ್ದು ಕೂರುವ ಮನಸ್ಸು ಮಾಡಿದವಳು ಆ ಬೇರೆಯವರ ಬಟ್ಟೆ ನೋಡಿ ಮತ್ತೆ ಗೋಡೆಗೆ ತಿರುಗಿದರೆ? ಈ ಒಂದು ಸುಳ್ಳನ್ನು ಚೆನ್ನಾಗಿ ಹೇಳು. ನಿನ್ನ ಕಾಲಿಗೆ ಬೀಳುತ್ತೇನೆ.

ಅಕ್ಕ


ಏಪ್ರಿಲ್ ೪

ಅಕ್ಕಾ,

ನಿನ್ನ ಉತ್ತರ ಬರುವವರೆಗೆ ಕಾಯಬೇಕೆಂದಿದ್ದೆ. ಅಮ್ಮ ಕಾಯಲಿಲ್ಲ. ಇವತ್ತು ಬಿಸಿಲು ಬಿದ್ದಿತ್ತು. ನಾನು ಏಳುವ ಹೊತ್ತಿಗೆ ಅವಳು ವಾಕರ್ ಹಿಡಿದು ಕೋಣೆಯ ಬಾಗಿಲಿನಲ್ಲಿ ನಿಂತಿದ್ದಳು, ತಲೆ ಬಾಚಿಕೊಂಡು.

"ಹೊರಡು" ಅಂದಳು.

ನರ್ಸಮ್ಮನೂ ನಾನೂ ಸೇರಿ ಸೀಟನ್ನು ಹಿಂದಕ್ಕೆ ಒರಗಿಸಿ, ದಿಂಬು ಪೇರಿಸಿ, ಅವಳನ್ನು ಹತ್ತಿಸಿದೆವು. ಅವಳ ತಲೆ ಮುಂದಿನ ಗಾಜಿಗಿಂತ ಮೇಲಿತ್ತು. ರಸ್ತೆಯವರೆಲ್ಲ ನಿಂತು ನೋಡಿದರು. ನಾನು ಸೈಕಲ್ಲಿಗಿಂತ ನಿಧಾನ ಹೋಗುತ್ತಿದ್ದೆ, ಹಿಂದೆ ಹಾರನ್ನುಗಳ ಮೇಳ. "ಎಷ್ಟೊತ್ತೋ? ನಡ್ಕೊಂಡೇ ಬರಬಹುದಿತ್ತು" ಎಂದಳು, ತಿಂಗಳುಗಟ್ಟಲೆ ನಡೆಯಲು ಒಪ್ಪದವಳು!

ದಾರಿಯಲ್ಲಿ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಆಗಲಿಲ್ಲ. ಕೊನೆಗೆ ನಿನ್ನ ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿ, "ಅಮ್ಮ, ಅಲ್ಲಿ ಈಗ..." ಅಂದೆ.

"ಬೇರೆಯವರಿದ್ದಾರೆ. ಅಷ್ಟೇ ತಾನೆ?"

"ನಿನಗೆ ಯಾರು ಹೇಳಿದ್ರು?"

"ನನ್ನ ಮಂಚದ ಪಕ್ಕ ಇರೋದು ಕಿಟಕಿ ಕಣೋ. ಅಂಗಳದಲ್ಲಿ ನೀನು, ಆ ಗಡ್ಡದವನು ಹಾಸಿಗೆ ಇಳಿಸಿದ್ದು, ಪಾತ್ರೆ ಇಳಿಸಿದ್ದು, ಎಲ್ಲ ನೋಡ್ದೆ. ನೀನಾಗಿ ಹೇಳ್ತೀಯಾ ಅಂತ ಕಾದೆ. ನೀನು ಹೇಳೋನಲ್ಲ."

"ಮತ್ತೆ ಯಾಕಮ್ಮ ಹೋಗೋದು?"

"ನೋಡ್ಬೇಕು" ಅಂದಳು. ಅಷ್ಟೇ.

ಒದ್ದೆ ಕೈ ಒರೆಸಿಕೊಳ್ಳುತ್ತ ಒಬ್ಬ ಹೆಂಗಸು ಬಾಗಿಲು ತೆಗೆದರು. ಅಮ್ಮ, "ಇಲ್ಲಿ ಮುಂಚೆ ನನ್ನ ಮಗಳಿದ್ದಳು. ನಾನು ಬಂದಿರಲಿಲ್ಲ. ಒಂದ್ಸಲ ಒಳಗೆ ನೋಡಬಹುದಾ?" ಎಂದು ಕೇಳಿದಳು. ಅವಳು ಯಾರ ಹತ್ತಿರವಾದರೂ ಏನನ್ನಾದರೂ ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಆಕೆ ಮಗುವಿನ ಆಟದ ಸಾಮಾನನ್ನು ಕಾಲಿನಿಂದ ಸರಿಸಿ ದಾರಿ ಮಾಡಿಕೊಟ್ಟರು.

ಅಮ್ಮ ವಾಕರ್ ಊರಿಕೊಂಡು ಮನೆಯೆಲ್ಲ ನಡೆದಳು ಅಕ್ಕಾ. ನಾನು ಹಿಂದೆ ಹಿಂದೆ ಕೈ ಚಾಚಿಕೊಂಡು ಹೋದೆ, ಮುಟ್ಟಗೊಡಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಅಂಗೈ ಇಟ್ಟು, "ಅವಳ ಎತ್ತರಕ್ಕೆ ಸರಿಯಾಗಿದೆ" ಅಂದಳು. ಮಲಗುವ ಕೋಣೆಯ ಕಿಟಕಿಗೆ ನೀಲಿ ಬಣ್ಣ. "ಅವರೇ ಹೊಡ್ಕೊಂಡಿದ್ರಂತೆ. ಚೆನ್ನಾಗಿದೆ ಅಂತ ನಾವೂ ಹಾಗೇ ಬಿಟ್ಟಿದ್ದೀವಿ" ಎಂದರು ಆ ಹೆಂಗಸು. ಅಮ್ಮ ಆ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಳು. ಬೆಳಕು ಅವಳ ಮುಖದ ಮೇಲೆ ಬೀಳುತ್ತಿತ್ತು. ನನಗೆ ಭಯವಾಯಿತು, ಅತ್ತುಬಿಡುತ್ತಾಳೇನೋ ಎಂದು. ಅಳಲಿಲ್ಲ. ಆ ಹೆಂಗಸಿನ ಕಡೆ ತಿರುಗಿ, "ಅವಳು ಇಲ್ಲಿ ನಗ್ತಿದ್ಲಾ?" ಎಂದು ಕೇಳಿದಳು.

ಪಾಪ, ಆಕೆ ಏನು ಹೇಳಿಯಾರು? "ನಾವು ಆಮೇಲೆ ಬಂದೋರಮ್ಮ" ಅಂದರು.

ವಾಪಸು ಕಾರು ಹತ್ತಿದ ಮೇಲೆ ಅಮ್ಮ ದಿಂಬು ಸರಿಮಾಡಿಕೊಂಡು ಕೂತಳು. ಸೇತುವೆಯ ಹತ್ತಿರ, "ಯಾವುದೋ ಕತ್ತಲೆ ಗೂಡಲ್ಲಿ ಕೂತು ಅಳ್ತಿರ್ತಾಳೆ ಅಂದ್ಕೊಂಡಿದ್ದೆ. ಅದಕ್ಕೇ ಹೋಗಲಿಲ್ಲ, ಅದನ್ನ ನೋಡೋಕಾಗಲ್ಲ ಅಂತ. ಇದು ಮನೆ ಕಣೋ. ಒಬ್ಬಳಿಗೆ ಅಂತಲೇ ಜೋಡಿಸಿಕೊಂಡಿದ್ದ ಮನೆ" ಅಂದಳು. ಸೇತುವೆ ದಾಟಿದ ಮೇಲೆ, "ಅವಳು ಬರಲ್ಲ, ಅಲ್ವಾ?"

"ಗೊತ್ತಿಲ್ಲಮ್ಮ."

"ನನಗೆ ಗೊತ್ತು."

ಮನೆ ಬಂತು. ಟಾಪು ಮುಚ್ಚಲು ಗುಂಡಿಯ ಮೇಲೆ ಬೆರಳಿಟ್ಟೆ. "ಇರಲಿ ಬಿಡು, ಇನ್ನೊಂದು ಸುತ್ತು ಹೋಗು. ಈ ಸಲ ಸ್ವಲ್ಪ ಜೋರಾಗಿ" ಅಂದಳು.

ತಮ್ಮ


ಏಪ್ರಿಲ್ ೧೫

ತಮ್ಮಾ,

ಈ ಕಾಗದದಲ್ಲೂ ನೀನು ಏನಾದರೂ ಮುಚ್ಚಿಟ್ಟಿದ್ದೀಯೇನೋ ಎಂದು ಸಾಲು ಸಾಲಾಗಿ ಹುಡುಕಿದೆ. ಏನೂ ಸಿಗಲಿಲ್ಲ. ಆಮೇಲೆ ಜನರೇಟರ್ ಕೋಣೆಗೆ ಹೋಗಿ, ಆ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂದು ಮನಸಾರೆ ಅತ್ತೆ.

ನನ್ನ ಹಿಂದಿನ ಕಾಗದ ಇಷ್ಟು ಹೊತ್ತಿಗೆ ನಿನ್ನ ಕೈ ಸೇರಿರುತ್ತದೆ. ಸುಳ್ಳು ಹೇಳು ಎಂದು ಬೇಡಿಕೊಂಡಿದ್ದೆ. ಅದು ತಡವಾಗಿ ತಲುಪಿದ್ದೇ ಒಳ್ಳೆಯದಾಯಿತು. ಹರಿದು ಹಾಕು.

ರಜೆ ಕೇಳಿದೆ. ಕೇಂದ್ರದ ಮುಖ್ಯಸ್ಥರು ನನ್ನ ಮುಖ ನೋಡಿ ಎರಡನೇ ಮಾತಾಡದೆ ಕೊಟ್ಟರು. ಈ ಕಾಗದವೂ ನಾನೂ ಒಂದೇ ದೋಣಿಯಲ್ಲಿ ಬರುತ್ತೇವೆ. ಬಂದರಿನ ಅಂಚೆಪೆಟ್ಟಿಗೆಗೆ ಇದನ್ನು ಹಾಕಿ ನಾನು ಬಸ್ಸು ಹತ್ತುತ್ತೇನೆ. ಇದು ನಿನ್ನ ಕೈಗೆ ಬರುವಾಗ ನಾನು ಒಳಗೆ ಅಮ್ಮನ ಮಂಚದ ಪಕ್ಕ ಕೂತಿರುತ್ತೇನೆ. ಆದರೂ ಬರೆಯುತ್ತಿದ್ದೇನೆ, ಎದುರಿಗೆ ನಿಂತಾಗ ನಾವಿಬ್ಬರೂ ಕಾರಿನ ವಿಷಯವನ್ನೇ ಮಾತಾಡುತ್ತೇವೆ ಎಂದು ನನಗೆ ಗೊತ್ತು.

ಅಮ್ಮ ಮೆಟ್ಟಿಲು ಹತ್ತುವವರೆಗೆ ಇರುತ್ತೇನೆ. ಆಮೇಲೆ ವಾಪಸು ಇಲ್ಲಿಗೇ ಬರುತ್ತೇನೆ. ಇದನ್ನು ಅವಳಿಗೆ ನೀನು ಹೇಳಬೇಡ. ಬೈಸಿಕೊಳ್ಳುವುದಿದ್ದರೆ ನಾನೇ ಬೈಸಿಕೊಳ್ಳುತ್ತೇನೆ.

ಅವಳು ಆ ಹೆಂಗಸನ್ನು ಕೇಳಿದ ಪ್ರಶ್ನೆಗೂ ನಾನೇ ಉತ್ತರ ಕೊಡುತ್ತೇನೆ. ಮೊದಲ ವರ್ಷ ನಗಲಿಲ್ಲ ಎನ್ನುತ್ತೇನೆ. ಆಮೇಲೆ ಒಂದು ದಿನ, ಕಿಟಕಿಗೆ ಬಣ್ಣ ಹೊಡೆಯುವಾಗ ಡಬ್ಬಿ ನನ್ನ ತಲೆಯ ಮೇಲೇ ಮಗುಚಿ ಬಿತ್ತು. ನೀಲಿ ಮುಖ ಹೊತ್ತು ಕನ್ನಡಿಯ ಮುಂದೆ ನಿಂತು ನಕ್ಕೆ, ಪಕ್ಕದ ಮನೆಯವರು ಗೋಡೆ ಬಡಿಯುವವರೆಗೂ ನಕ್ಕೆ.

ಅಕ್ಕ